ಎಂ.ಜಿ. ಕಾರಿನ ರಬ್ಬರ್ ಬಳೆ

ನನ್ನ ಮೇಜಿನ ಮೇಲೆ ಕಾಗದಗಳು ಹಾರದಂತೆ ಇಟ್ಟಿರುವ ಒಂದು ವಸ್ತುವನ್ನು ನೋಡಿ ಮನೆಗೆ ಬಂದವರು, ‘ಇದೇನು?’ ಎಂದು ಕೇಳುವುದುಂಟು. ಹೊರಗೆ ಉಕ್ಕಿನ ಒಂದು ಕೊಳವೆಯ ತುಂಡು. ಅದರೊಳಗೆ ಇನ್ನೊಂದು ಸಣ್ಣ ಕೊಳವೆ. ಎರಡರ ನಡುವೆ ಕಪ್ಪು ರಬ್ಬರು. ಹೊರಗಿನ ಕೊಳವೆಯಲ್ಲಿ ಉದ್ದಕ್ಕೆ ಗರಗಸದ ಗೆರೆ ಇದೆ. ರಬ್ಬರು ಒಂದು ಕಡೆ ಅರ್ಧಚಂದ್ರಾಕಾರವಾಗಿ ಹರಿದಿದೆ. ಯಂತ್ರ ಬಲ್ಲವರು ಇದನ್ನು ಬುಷ್ ಎನ್ನುತ್ತಾರೆ. ನಾನು ಬಳೆ ಎನ್ನುತ್ತೇನೆ. ಕನ್ನಡ ಪಾಠ ಹೇಳುವವನ ಮೇಜಿನ ಮೇಲೆ ಇದಕ್ಕೇನು ಕೆಲಸ ಎಂದರೆ, ಇದು ಹರಿದುದು ನನ್ನಿಂದ. ಅದನ್ನು ಒಪ್ಪಿಕೊಳ್ಳುವುದಕ್ಕೆ ಮುಂಚೆ ಈ ಬಳೆ ಎಲ್ಲಿಂದ ಬಂದಿತು ಎಂಬುದನ್ನು ಸ್ವಲ್ಪ ಹೇಳಬೇಕಾಗಿದೆ. ಅದರ ವಂಶಾವಳಿ ದೊಡ್ಡದು.

ನನ್ನ ತಮ್ಮ ಹಲವು ವರ್ಷಗಳಿಂದ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದಾನೆ. ಅಲ್ಲಿ ಅವನು 1967ರಲ್ಲಿ ತಯಾರಾದ ಒಂದು ಎಂ.ಜಿ.ಬಿ. ಸ್ಪೋರ್ಟ್ಸ್ ಕಾರನ್ನು ಕೊಂಡುಕೊಂಡ. ಕೊಂಡಾಗ ಅದು ಕಾರಿನ ರೂಪದಲ್ಲಿತ್ತೇ ಹೊರತು ಕಾರಾಗಿರಲಿಲ್ಲ. ಎರಡು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ನಾನು ಅವನ ಮನೆಗೆ ಹೋದಾಗ ಮೈಗೆ ಬಣ್ಣ ಬಳಿದಾಗಿತ್ತು, ಎಂಜಿನ್ ಓಡುತ್ತಿತ್ತು. ಉಳಿದಿದ್ದುದು ಚಕ್ರಗಳಿಗೂ ಮೈಗೂ ನಡುವೆ ಇರುವ ಸಣ್ಣಪುಟ್ಟ ಭಾಗಗಳು: ಬುಷ್ಷುಗಳು, ವಾಷರ್‌ಗಳು, ಪಿನ್ನುಗಳು, ರಬ್ಬರಿನ ತುಂಡುಗಳು. ‘ದೊಡ್ಡ ಕೆಲಸವೆಲ್ಲ ಮುಗಿಯಿತು ಅಣ್ಣ, ಇನ್ನು ಚಿಲ್ಲರೆ ಕೆಲಸ’ ಎಂದ. ಆ ಚಿಲ್ಲರೆಯ ಲೆಕ್ಕ ತೀರಲು ಒಂದೂವರೆ ವರ್ಷ ಹಿಡಿಯಿತು.

ಕಮಾನು ಮತ್ತು ಅದರ ಕಣ್ಣು

ರಸ್ತೆಯ ಪೆಟ್ಟು ಕುಳಿತವರ ಬೆನ್ನಿಗೆ ತಾಗದಂತೆ ಮಾಡುವ ಆಸೆ ಗಾಡಿಯಷ್ಟೇ ಹಳೆಯದು. ಹಿಂದೆ ಕುದುರೆ ಸಾರೋಟಿನ ಮೈಯನ್ನು ಚರ್ಮದ ಪಟ್ಟಿಗಳಲ್ಲಿ ತೊಟ್ಟಿಲಿನಂತೆ ತೂಗುಹಾಕುತ್ತಿದ್ದರು. 1804-05ರ ಸುಮಾರಿಗೆ ಲಂಡನ್ನಿನ ಲ್ಯಾಂಬೆತ್ ಎಂಬಲ್ಲಿ ಸಾರೋಟು ಕಟ್ಟುತ್ತಿದ್ದ ಒಬಡಯ ಎಲಿಯಟ್ ಎಂಬಾತ ಬಾಗಿಸಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಥ ಎರಡು ಕಟ್ಟುಗಳನ್ನು ಎದುರುಬದುರಾಗಿ ಇಟ್ಟು ಅಚ್ಚಿನ ಮೇಲೆ ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಗಾಡಿ ಹಗುರವಾಯಿತು, ಓಟ ಮೆದುವಾಯಿತು. ನಮ್ಮ ಊರುಗಳಲ್ಲಿ ಓಡುತ್ತಿದ್ದ ಜಟಕಾಗಳ ಕೆಳಗೆ ಇದ್ದುದೂ ಇಂಥ ಕಮಾನುಪಟ್ಟಿಯೇ. ಮೋಟಾರು ಬಂಡಿ ಬಂದಾಗ ಕುದುರೆ ಹೋಯಿತು, ಕಮಾನು ಉಳಿಯಿತು. 1967ರ ಎಂ.ಜಿ.ಬಿ.ಯ ಹಿಂಭಾಗದಲ್ಲಿ ಇರುವುದೂ ಅದೇ ಜಾತಿಯ ಎರಡು ಕಮಾನುಗಳು.

ಕಮಾನಿನ ಎರಡು ತುದಿಗಳನ್ನೂ ಸುರುಳಿ ಸುತ್ತಿ ಒಂದೊಂದು ರಂಧ್ರ ಮಾಡಿರುತ್ತಾರೆ. ಅದಕ್ಕೆ ಕಣ್ಣು ಎಂದು ಹೆಸರು. ಮುಂದಿನ ಕಣ್ಣಿನಲ್ಲಿ ಒಂದು ಬೋಲ್ಟು ತೂರಿ ಕಮಾನನ್ನು ಕಾರಿನ ಮೈಗೆ ಬಂಧಿಸಬೇಕು. ಹಿಂದಿನ ಕಣ್ಣು ಒಂದು ತೂಗುಕೊಂಡಿಯಲ್ಲಿ ನೇತಾಡಬೇಕು; ಏಕೆಂದರೆ ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುತ್ತದೆ. ಕಬ್ಬಿಣದ ಕಣ್ಣಿನಲ್ಲಿ ಕಬ್ಬಿಣದ ಬೋಲ್ಟು ತಿರುಗಿದರೆ ಎರಡೂ ಸವೆಯುತ್ತವೆ, ಕಿರುಗುಟ್ಟುತ್ತವೆ. ಆದುದರಿಂದ ಮೊದಮೊದಲು ಕಣ್ಣಿನಲ್ಲಿ ಕಂಚಿನ ಬುಷ್ ಕೂರಿಸಿ ಗ್ರೀಸ್ ತುಂಬುತ್ತಿದ್ದರು. ಗ್ರೀಸ್ ಹಾಕಲು ಮರೆತ ಯಜಮಾನನಿಗೆ ಕಾರು ತಾನೇ ಕೂಗಿ ನೆನಪಿಸುತ್ತಿತ್ತು.

1920ರ ದಶಕದಲ್ಲಿ ಇದಕ್ಕೆ ಬೇರೊಂದು ಉಪಾಯ ಹೊಳೆಯಿತು. ಎರಡು ಉಕ್ಕಿನ ಕೊಳವೆಗಳ ನಡುವೆ ರಬ್ಬರನ್ನು ಬಲವಾಗಿ ಅದುಮಿ ಕೂರಿಸುವುದು. ಹೊರಗಿನ ಕೊಳವೆ ಕಮಾನಿನ ಕಣ್ಣನ್ನು ಕಚ್ಚಿಕೊಳ್ಳುತ್ತದೆ. ಒಳಗಿನ ಕೊಳವೆಯನ್ನು ಬೋಲ್ಟು ಕಾರಿನ ಮೈಗೆ ಬಿಗಿಯುತ್ತದೆ. ಇಲ್ಲಿ ಯಾವುದೂ ಯಾವುದರ ಮೇಲೂ ಉಜ್ಜುವುದಿಲ್ಲ. ನಡುವಿನ ರಬ್ಬರು ಮಾತ್ರ ತಿರುಚಿ ಮತ್ತೆ ನೇರವಾಗುತ್ತದೆ. ಗ್ರೀಸ್ ಬೇಡ, ಸದ್ದಿಲ್ಲ. ಸದ್ದಿಲ್ಲದ ಈ ತುಂಡಿಗೆ ಸೈಲೆಂಟ್‌ಬ್ಲಾಕ್ ಎಂಬ ಹೆಸರೇ ಬಿದ್ದಿತು. ನನ್ನ ಮೇಜಿನ ಮೇಲಿರುವ ಬಳೆ ಈ ಕುಲದ್ದು. ಸಂಧಿಯಲ್ಲಿ ಜಾರುವಿಕೆ ಇಲ್ಲ, ತಿರುಚುವಿಕೆ ಮಾತ್ರ ಉಂಟು ಎಂಬ ಒಂದು ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ರಬ್ಬರಿನ ದಾರಿ

ನಾವು ಸುಳ್ಯದ ಕಡೆಯವರು. ನಮ್ಮ ಮನೆಯ ಅಡಕೆ ತೋಟದ ಮೇಲ್ಭಾಗದ ಗುಡ್ಡದಲ್ಲಿ ಸ್ವಲ್ಪ ರಬ್ಬರೂ ಇತ್ತು. ಹಾಲನ್ನು ಹೆಪ್ಪುಗಟ್ಟಿಸಿ, ಹಾಳೆ ಒತ್ತಿ, ಹೊಗೆಗೂಡಿನಲ್ಲಿ ನೇತುಹಾಕಿದಾಗ ಬರುವ ವಾಸನೆ ನಮ್ಮ ಬಾಲ್ಯದ ವಾಸನೆ. ಅಲ್ಲಿ ಆಕ್ಸ್‌ಫರ್ಡಿನ ಷೆಡ್ಡಿನಲ್ಲಿ ಹೊಸ ಬುಷ್ಷುಗಳ ಪೊಟ್ಟಣ ಬಿಚ್ಚಿದಾಗ ತಮ್ಮ ಅದನ್ನು ಮೂಸಿ ನೋಡಿ ನನ್ನ ಕೈಗೆ ಕೊಟ್ಟ. ನಮ್ಮೂರಿನ ವಾಸನೆ ಪೂರ್ತಿ ಇರಲಿಲ್ಲ. ಗಂಧಕದ ಘಾಟು ಸೇರಿತ್ತು.

ಆ ಘಾಟಿಗೂ ಒಂದು ಇತಿಹಾಸವಿದೆ. ಹಸಿ ರಬ್ಬರು ಬಿಸಿಲಿಗೆ ಅಂಟು, ಚಳಿಗೆ ಕಲ್ಲು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಗಂಧಕ ಬೆರೆಸಿದ ರಬ್ಬರಿಗೆ ಬಿಸಿ ಕೊಟ್ಟರೆ ಅದು ಎರಡೂ ದೋಷಗಳನ್ನು ಬಿಟ್ಟು ಸ್ಥಿತಿಸ್ಥಾಪಕವಾಗಿ ನಿಲ್ಲುತ್ತದೆ ಎಂದು ಕಂಡುಕೊಂಡ. ಅವನ ರಬ್ಬರಿನ ಮಾದರಿಗಳನ್ನು ಇಂಗ್ಲೆಂಡಿಗೆ ತಂದವನು ಸ್ಟೀಫನ್ ಮೋಲ್ಟನ್. ಮಾದರಿಗಳು ಥಾಮಸ್ ಹ್ಯಾನ್‌ಕಾಕನ ಕೈಗೂ ಬಂದುವು. ಅವನು ಗುಟ್ಟನ್ನು ತಾನಾಗಿ ಬಿಡಿಸಿ 1843-44ರಲ್ಲಿ ಇಂಗ್ಲೆಂಡಿನ ಪೇಟೆಂಟನ್ನು ತನ್ನದಾಗಿಸಿಕೊಂಡ. ಗುಡ್‌ಇಯರ್ 1860ರಲ್ಲಿ ಸಾಲಗಾರನಾಗಿಯೇ ಸತ್ತ. ಮೋಲ್ಟನ್ 1848ರಲ್ಲಿ ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಊರಿನ ಹಳೆಯ ಗಿರಣಿಯೊಂದರಲ್ಲಿ ರಬ್ಬರ್ ಕಾರ್ಖಾನೆ ತೆರೆದ. ಅವನ ಮರಿಮೊಮ್ಮಗ ಅಲೆಕ್ಸ್ ಮೋಲ್ಟನ್ ಮುಂದೆ ಈ ಕಥೆಯಲ್ಲಿ ಮತ್ತೊಮ್ಮೆ ಬರುತ್ತಾನೆ.

ಆಗ ರಬ್ಬರು ಬರುತ್ತಿದ್ದುದು ಮುಖ್ಯವಾಗಿ ಬ್ರೆಜಿಲಿನ ಕಾಡುಗಳಿಂದ. 1876ರಲ್ಲಿ ಹೆನ್ರಿ ವಿಕ್‌ಹ್ಯಾಂ ಅಲ್ಲಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಮೊಳೆತುವು ಮೂರು ಸಾವಿರವೂ ಇಲ್ಲ. ಆ ಸಸಿಗಳಲ್ಲಿ ಹೆಚ್ಚಿನವು ಸಿಂಹಳಕ್ಕೆ ಬಂದುವು. ಸಿಂಹಳ, ಮಲಯಗಳ ತೋಟಗಳೂ, ಅನಂತರ ಕೇರಳದ ತೋಟಗಳೂ, ಕೊನೆಗೆ ನಮ್ಮ ಗುಡ್ಡದ ಮರಗಳೂ ಈ ಸಂತಾನದವೇ. ಬ್ರೆಜಿಲಿನ ಮರ, ಅಮೆರಿಕದವನ ಗಂಧಕ, ಇಂಗ್ಲೆಂಡಿನ ಗಿರಣಿ, ಏಷ್ಯದ ಕೂಲಿಯವರ ಕತ್ತಿ: ಒಂದು ಬುಷ್ಷಿನ ಹಿಂದೆ ಇಷ್ಟು ಮಂದಿ ನಿಂತಿದ್ದಾರೆ. ಸ್ಪೋರ್ಟ್ಸ್ ಕಾರಿನ ಚರಿತ್ರೆ ಬರೆಯುವವರು ಎಂಜಿನ್ನಿನ ಶಕ್ತಿಯನ್ನೂ ಪಂದ್ಯದ ಗೆಲವುಗಳನ್ನೂ ಹೇಳುತ್ತಾರೆ. ಇವರನ್ನು ಹೇಳುವುದು ಅಪರೂಪ.

ಅಬಿಂಗ್‌ಡನ್ನಿನ ಐವತ್ತು ವರ್ಷ

ಎಂ.ಜಿ. ಎಂದರೆ ಮೋರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮೋರಿಸ್ ನಡೆಸುತ್ತಿದ್ದ ಮಾರಾಟ ಮತ್ತು ರಿಪೇರಿಯ ಮಳಿಗೆ ಅದು. 1922ರಲ್ಲಿ ಅದರ ಮೇಲ್ವಿಚಾರಣೆಗೆ ಬಂದ ಸೆಸಿಲ್ ಕಿಂಬರ್ ಎಂಬಾತ, ಮೋರಿಸ್ ಕಾರುಗಳ ಸಾಧಾರಣ ಭಾಗಗಳಿಗೇ ಚುರುಕಾದ ಮೈ ತೊಡಿಸಿ ಮಾರತೊಡಗಿದ. ಬೇಡಿಕೆ ಬೆಳೆದು, 1929-30ರಲ್ಲಿ ಕೆಲಸ ಸಮೀಪದ ಅಬಿಂಗ್‌ಡನ್ ಪಟ್ಟಣಕ್ಕೆ, ಒಂದು ಚರ್ಮದ ಕಾರ್ಖಾನೆಯ ಪಕ್ಕದ ಕಟ್ಟಡಕ್ಕೆ ಹೋಯಿತು. ಕಿಂಬರ್ 1941ರಲ್ಲಿ ಕೆಲಸ ಬಿಡಬೇಕಾಯಿತು. 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ನಡೆದ ರೈಲು ಅಪಘಾತದಲ್ಲಿ ತೀರಿಕೊಂಡ. ವೇಗದ ಕಾರುಗಳನ್ನು ಕಟ್ಟಿದವನಿಗೆ ರೈಲು ಮೃತ್ಯುವಾಯಿತು.

ಸಾಧಾರಣ ಭಾಗಗಳಿಂದ ಅಸಾಧಾರಣವಾದುದನ್ನು ಕಟ್ಟುವ ಅವನ ಪದ್ಧತಿ ಮಾತ್ರ ಉಳಿಯಿತು. ಯುದ್ಧಕ್ಕೆ ಮುಂಚೆ ಮೋರಿಸ್ ಕಂಪೆನಿಯಲ್ಲಿ ಅಲೆಕ್ ಇಸಿಗೋನಿಸ್, ಜ್ಯಾಕ್ ಡೇನಿಯಲ್ಸ್ ಎಂಬಿಬ್ಬರು ಮುಂದಿನ ಎರಡು ಚಕ್ರಗಳೂ ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುವ ಒಂದು ರಚನೆಯನ್ನು ಬರೆದಿಟ್ಟಿದ್ದರು. ಕೆಳಗೆ ಕವೆಗೋಲಿನ ಆಕಾರದ ತೋಳು, ಅದರ ಮೇಲೆ ಸುರುಳಿ ಸ್ಪ್ರಿಂಗು. ಮೇಲಿನ ತೋಳು ಬೇರೆ ಇಲ್ಲ. ಕುಲುಕಾಟ ತಡೆಯುವ ಡ್ಯಾಂಪರಿನ ಹಿಡಿಯೇ ಮೇಲಿನ ತೋಳು. ಅದು 1947ರಲ್ಲಿ ಎಂ.ಜಿ.ಯ ವೈ ಎಂಬ ಸಂಸಾರಸ್ಥರ ಕಾರಿನಲ್ಲಿ ರಸ್ತೆಗೆ ಬಂದಿತು. ಅಲ್ಲಿಂದ 1950ರ ಟಿ.ಡಿ.ಗೆ, 1955ರ ಎಂ.ಜಿ.ಎ.ಗೆ, 1962ರಲ್ಲಿ ಸಿಡ್ ಎನೆವರನ ಮುಂದಾಳುತನದಲ್ಲಿ ರೂಪುಗೊಂಡ ಎಂ.ಜಿ.ಬಿ.ಗೆ, ತಿದ್ದುಪಡಿಗಳೊಡನೆ ಇಳಿದು ಬಂದಿತು. ಐದು ಲಕ್ಷಕ್ಕೂ ಹೆಚ್ಚು ಎಂ.ಜಿ.ಬಿ.ಗಳು ತಯಾರಾದುವು. 1980ರಲ್ಲಿ ಅಬಿಂಗ್‌ಡನ್ ಕಾರ್ಖಾನೆಯ ಬಾಗಿಲು ಮುಚ್ಚಿದಾಗಲೂ ಮುಂದಿನ ಚಕ್ರಗಳ ಒಳಗೆ ಇದ್ದುದು ಯುದ್ಧಪೂರ್ವದ ಅದೇ ಯೋಚನೆ.

ಇಸಿಗೋನಿಸ್ ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದ. 1959ರ ಮಿನಿ ಕಾರಿನಲ್ಲಿ ಅವನು ಉಕ್ಕಿನ ಸ್ಪ್ರಿಂಗನ್ನೇ ಕೈಬಿಟ್ಟು, ಅಲೆಕ್ಸ್ ಮೋಲ್ಟನ್ ರೂಪಿಸಿದ ರಬ್ಬರಿನ ಶಂಕುಗಳನ್ನು ಇಟ್ಟ. ಗುಡ್‌ಇಯರನ ರಬ್ಬರನ್ನು ಸಮುದ್ರ ದಾಟಿಸಿದವನ ವಂಶದವನು, ನೂರು ವರ್ಷಗಳ ಮೇಲೆ ಅದೇ ರಬ್ಬರಿನ ಮೇಲೆ ಕಾರನ್ನೇ ನಿಲ್ಲಿಸಿದ.

ಯಾವುದು ಮೂಲ ಪಾಠ?

ಕಾರ್ಖಾನೆ ಮುಚ್ಚಿದರೂ ಕಾರುಗಳು ಉಳಿದುವು. ಉಳಿದ ಕಾರುಗಳು ಭಾಗಗಳನ್ನು ಬೇಡಿದುವು. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು ಎಂ.ಜಿ.ಬಿ.ಯ ಇಡೀ ಮೈಯನ್ನೇ ಹೊಸದಾಗಿ ಒತ್ತಲಾರಂಭಿಸಿತು. ರಬ್ಬರ್ ಭಾಗಗಳನ್ನಂತೂ ಹಲವರು ತಯಾರಿಸುತ್ತಾರೆ. ಇಲ್ಲಿ ಕಾರು ಕಟ್ಟುವವನಿಗೆ ಒಂದು ಧರ್ಮಸಂಕಟ ಎದುರಾಗುತ್ತದೆ. ಅದನ್ನು ಕಂಡಾಗ ನನಗೆ ಪರಿಚಿತ ಊರಿಗೆ ಬಂದಂತಾಯಿತು.

ತಮ್ಮನ ಮುಂದೆ ಮೂರು ಪೊಟ್ಟಣಗಳಿದ್ದುವು. ಒಂದರಲ್ಲಿ ಮುಂದಿನ ಕವೆತೋಳುಗಳಿಗೆ 1967ರಲ್ಲಿ ಇದ್ದಂಥ ಬರಿಯ ರಬ್ಬರಿನ ಬುಷ್ಷುಗಳು. ಇನ್ನೊಂದರಲ್ಲಿ, 1973ರಿಂದ 1976ರವರೆಗೆ ತಯಾರಾದ ಎಂಟು ಸಿಲಿಂಡರಿನ ಎಂ.ಜಿ.ಬಿ.ಗೆ ಕಾರ್ಖಾನೆಯೇ ಹಾಕಿದ, ಉಕ್ಕಿನ ಕೊಳವೆಯುಳ್ಳ ಗಟ್ಟಿ ಬುಷ್ಷುಗಳು. ಮೂರನೆಯದರಲ್ಲಿ ಈಚಿನ ಪಾಲಿಯುರಿಥೇನ್ ಬುಷ್ಷುಗಳು. ಮೂರನೆಯವು ಎಣ್ಣೆಗೆ ಕೆಡುವುದಿಲ್ಲ, ಬಹುಕಾಲ ಬಾಳುತ್ತವೆ, ಆದರೆ ಗಡಸು. ರಬ್ಬರು ನುಂಗುತ್ತಿದ್ದ ಸಣ್ಣ ಪೆಟ್ಟುಗಳನ್ನು ಅವು ಮೈಗೆ ದಾಟಿಸುತ್ತವೆ. ತಕ್ಕ ಗ್ರೀಸ್ ಇಲ್ಲದಿದ್ದರೆ ಕಿರುಗುಟ್ಟುತ್ತವೆ.

‘ನಿನ್ನ ಓಲೆಗರಿ ಶಾಸ್ತ್ರ ಏನು ಹೇಳುತ್ತದೆ ಅಣ್ಣ?’ ಎಂದು ತಮ್ಮ ನಗುತ್ತ ಕೇಳಿದ. ನಾನು ನಗದೆ ಉತ್ತರ ಕೊಟ್ಟೆ. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳು ಸಿಕ್ಕಾಗ, ಅರ್ಥ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಹೊಸ ಪಾಠವನ್ನು ಒಳಗೆ ಸೇರಿಸುವಂತಿಲ್ಲ. ಅದು ಯಾರಿಂದ ಬಂದಿತು ಎಂದು ಕೇಳಬೇಕು. ಎಂಟು ಸಿಲಿಂಡರಿನ ಕಾರಿನ ಬುಷ್ ಕವಿಯೇ ಮುಂದೆ ಮಾಡಿಕೊಂಡ ತಿದ್ದುಪಡಿಯಂತೆ. ಅದನ್ನು ಸ್ವೀಕರಿಸಿದರೆ ದೋಷವಿಲ್ಲ. ಪಾಲಿಯುರಿಥೇನ್ ಈಚಿನ ಪಂಡಿತರ ಊಹೆ, ಅಡಿಟಿಪ್ಪಣಿಯಲ್ಲಿರಲಿ. 1974ರ ಕೊನೆಯಲ್ಲಿ ಅಮೆರಿಕದ ಕಾನೂನಿಗಾಗಿ ಎಂ.ಜಿ.ಬಿ.ಯ ಮೈಯನ್ನು ಒಂದೂವರೆ ಅಂಗುಲದಷ್ಟು ಎತ್ತರಿಸಿ, ಹಿಂದೆ ಮುಂದೆ ದಪ್ಪ ರಬ್ಬರ್ ಬಂಪರು ಕಟ್ಟಿದರಲ್ಲ, ಅದು ಶುದ್ಧ ಪ್ರಕ್ಷೇಪ: ಕಾರ್ಖಾನೆಯ ಕೈಯಲ್ಲಿ ಬರೆಸಿದ್ದಾದರೂ ಅದರ ಮನಸ್ಸಿನದಲ್ಲ. ತಮ್ಮ ಮುಂದಕ್ಕೆ ಎರಡನೆಯ ಪೊಟ್ಟಣವನ್ನು ಆರಿಸಿಕೊಂಡ. ಹಿಂದಿನ ಕಮಾನುಗಳ ಕಣ್ಣಿಗೆ ಮಾತ್ರ ಆಯ್ಕೆಯ ತೊಡಕಿರಲಿಲ್ಲ. ಅಲ್ಲಿ ಮೊದಲಿನಿಂದ ಇದ್ದ ಜಾತಿಯ ಸೈಲೆಂಟ್‌ಬ್ಲಾಕ್ ಬುಷ್ಷೇ ಸಿಕ್ಕಿತು.

ಬಿಗಿಯುವ ಹೊತ್ತು

ಕಾರನ್ನು ಜಾಕಿಯಿಂದ ಎತ್ತಿ, ಜಾಕಿಯನ್ನು ನಂಬದೆ ಗಟ್ಟಿ ಉಕ್ಕಿನ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಹಿಂದಿನ ಕಮಾನುಗಳನ್ನು ಬಿಚ್ಚಿದೆವು. ಹಳೆಯ ಬುಷ್ ಐವತ್ತು ವರ್ಷಗಳ ತುಕ್ಕಿನಲ್ಲಿ ಕಣ್ಣಿಗೆ ಅಂಟಿಕೊಂಡಿತ್ತು. ಮೊದಲು ರಬ್ಬರನ್ನು ಕೊರೆದು ತೆಗೆದು, ಗರಗಸದ ಅಲಗನ್ನು ಕಣ್ಣಿನೊಳಕ್ಕೆ ತೂರಿಸಿ, ಹೊರಗಿನ ಕೊಳವೆಯನ್ನು ಉದ್ದಕ್ಕೆ ಸೀಳಬೇಕು. ಕೊಳವೆ ಸೀಳಬೇಕು, ಕಮಾನಿನ ಕಣ್ಣಿಗೆ ಗೀರು ಬೀಳಬಾರದು. ಸೀಳಿದ ಮೇಲೆ ಅದು ತಾನಾಗಿ ಸಡಿಲಿಸುತ್ತದೆ. ಹೊಸದನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವುದು ಅವಿವೇಕ. ಉದ್ದನೆಯ ಬೋಲ್ಟು, ದಪ್ಪ ವಾಷರ್, ಅಳತೆಗೆ ಸರಿಯಾದ ಕೊಳವೆಯ ತುಂಡು, ಇಷ್ಟನ್ನು ಜೋಡಿಸಿ ನಟ್ಟು ತಿರುಗಿಸಿದರೆ ಬುಷ್ ಕೂದಲೆಳೆಯಷ್ಟು ಕೂದಲೆಳೆಯಷ್ಟು ಒಳಕ್ಕೆ ಸರಿಯುತ್ತದೆ. ಒತ್ತಡ ಬೀಳಬೇಕಾದುದು ಹೊರಗಿನ ಕೊಳವೆಯ ಅಂಚಿಗೆ ಮಾತ್ರ. ಹಿಂದಿನ ತೂಗುಕೊಂಡಿಗೆ ಬರಿಯ ರಬ್ಬರಿನ ಅರ್ಧ ಅರ್ಧ ತುಂಡುಗಳು. ಅವುಗಳಿಗೆ ಸೋಪಿನ ನೀರು ಸವರಿದರೆ ಸಾಕು. ಸಾಧಾರಣ ಗ್ರೀಸ್ ತಾಗಿದರೆ ರಬ್ಬರು ಉಬ್ಬಿ ಕೆಡುತ್ತದೆ.

ಸಂಜೆಯ ಹೊತ್ತಿಗೆ ಎರಡು ಕಮಾನುಗಳೂ ತಮ್ಮ ಸ್ಥಾನಕ್ಕೆ ಬಂದುವು. ಎಡಗಡೆಯ ಬೋಲ್ಟನ್ನು ಬಿಗಿಯುವ ಗೌರವವನ್ನು ತಮ್ಮ ನನಗೆ ಕೊಟ್ಟ. ಮೈಯ ಬಲವೆಲ್ಲ ಹಾಕಿ ಬಿಗಿದೆ. ಬಲಗಡೆಯದನ್ನು ಅವನು ಬಿಗಿದ.

ಆ ಹೊತ್ತಿಗೆ ನೆರೆಮನೆಯ ಮುದುಕರು ಬೇಲಿಯಾಚೆಯಿಂದ ಬಂದರು. ತಾರುಣ್ಯದಲ್ಲಿ ಅಬಿಂಗ್‌ಡನ್ ಕಾರ್ಖಾನೆಯಲ್ಲಿ, ಅದು ಮುಚ್ಚುವವರೆಗೆ ಕೆಲಸ ಮಾಡಿದವರು. ಬಗ್ಗಿ ನೋಡಿ, ‘ಕಾರು ಇನ್ನೂ ಗಾಳಿಯಲ್ಲಿದೆಯಲ್ಲ, ಇಷ್ಟು ಬೇಗ ಯಾಕೆ ಬಿಗಿದಿರಿ?’ ಎಂದು ಕೇಳಿದರು. ಅವರು ಹೇಳಿದುದು ಇಷ್ಟು: ಸ್ಟ್ಯಾಂಡಿನ ಮೇಲೆ ಚಕ್ರಗಳು ನೇತಾಡುವಾಗ ಕಮಾನು ಪೂರ್ತಿ ಬಾಗಿರುತ್ತದೆ. ಆಗ ಒಳಕೊಳವೆಯನ್ನು ಬಿಗಿದರೆ, ರಬ್ಬರು ಆ ಸ್ಥಿತಿಯನ್ನೇ ತನ್ನ ವಿಶ್ರಾಂತಿ ಎಂದು ತಿಳಿಯುತ್ತದೆ. ಕಾರನ್ನು ನೆಲಕ್ಕಿಳಿಸಿದಾಗ ಕಮಾನು ಚಪ್ಪಟೆಯಾಗಿ ಕಣ್ಣು ತಿರುಗುತ್ತದೆ. ರಬ್ಬರು ನಿಂತಲ್ಲೇ ತಿರುಚಿಕೊಳ್ಳುತ್ತದೆ. ಕಾರು ಓಡಲಿ, ಷೆಡ್ಡಿನಲ್ಲಿ ಮಲಗಿರಲಿ, ಅದಕ್ಕೆ ಬಿಡುವಿಲ್ಲ. ಅದರ ಮೇಲೆ ಗುಂಡಿಯೊಂದು ಸಿಕ್ಕಿದರೆ ಇನ್ನಷ್ಟು ತಿರುಚಬೇಕು. ಅದಕ್ಕೇ ನಟ್ಟನ್ನು ಕೈಯಲ್ಲಿ ಮಾತ್ರ ತಿರುಗಿಸಿಟ್ಟು, ಕಾರನ್ನು ತನ್ನ ಚಕ್ರಗಳ ಮೇಲೆ, ತನ್ನ ಭಾರದಲ್ಲಿ ನಿಲ್ಲಿಸಿ, ಒಂದೆರಡು ಸಲ ಮೈ ಅದುಮಿ ಬಿಟ್ಟು, ಆಮೇಲೆ ಬಿಗಿಯಬೇಕು.

ಕಾರನ್ನು ಇಳಿಸಿ, ನಾಲ್ಕು ಚಕ್ರಗಳನ್ನೂ ಮರದ ದಿಮ್ಮಿಗಳ ಮೇಲೆ ಹತ್ತಿಸಿದೆವು. ತಮ್ಮ ಬಲಗಡೆಗೆ ನುಸುಳಿ ನಟ್ಟು ಸಡಿಲಿಸಿ ಮತ್ತೆ ಬಿಗಿದ. ಎಡಗಡೆ ನನ್ನದು. ಸ್ಪ್ಯಾನರ್ ಇಟ್ಟು ನೋಡಿದೆ, ಅಲುಗಲಿಲ್ಲ. ಇಷ್ಟು ಬಿಗಿಯಾದುದನ್ನು ಸಡಿಲಿಸಿ ಮತ್ತೆ ಬಿಗಿಯುವುದರಿಂದ ಏನು ಹೆಚ್ಚಳ ಎಂದು ಮನಸ್ಸು ಹೇಳಿತು. ಒಳಗಿನಿಂದ ಚಹಕ್ಕೆ ಕರೆ ಬಂದಿತು. ‘ಆಯಿತೇ ಅಣ್ಣ?’ ಎಂದ. ‘ಆಯಿತು’ ಎಂದೆ.

ಮರುವರ್ಷ ತಮ್ಮ ಫೋನು ಮಾಡಿ ಬೈದ. ಬೈದುದು ನನ್ನನ್ನಲ್ಲ, ಭಾಗ ಮಾರಿದ ಅಂಗಡಿಯನ್ನು. ಎಡಗಡೆಯ ಬುಷ್ ಹರಿದುಹೋಗಿದೆ, ಈಗಿನ ರಬ್ಬರಿಗೆ ಸತ್ವವಿಲ್ಲ, ಹಿಂದಿನವರಂತೆ ಯಾರೂ ಮಾಡುವುದಿಲ್ಲ ಎಂದ. ಅಂಗಡಿಗೆ ಖಾರವಾಗಿ ಬರೆದಿದ್ದನಂತೆ. ಈಗಿನ ರಬ್ಬರಿನ ಮೇಲೆ ಈ ದೂರು ಹಳೆಯ ಕಾರಿನವರಲ್ಲಿ ಸಾಮಾನ್ಯ. ಕೆಲವೊಮ್ಮೆ ನಿಜವೂ ಹೌದು. ಆದರೆ ಒಂದೇ ಪೊಟ್ಟಣದಿಂದ ಬಂದ, ಒಂದೇ ರಸ್ತೆಯಲ್ಲಿ ಓಡಿದ ಬಲಗಡೆಯ ಬುಷ್ ಹೊಸದರಂತಿತ್ತು. ಎರಡು ಪ್ರತಿಗಳಿಗೆ ಮೂಲ ಒಂದೇ ಆಗಿದ್ದು ಒಂದರಲ್ಲಿ ಮಾತ್ರ ತಪ್ಪಿದ್ದರೆ, ತಪ್ಪು ಮೂಲದ್ದಲ್ಲ, ನಕಲು ಮಾಡಿದವನದು ಎಂದು ವರ್ಷ ವರ್ಷವೂ ತರಗತಿಯಲ್ಲಿ ಹೇಳುವವನು ನಾನು. ಆ ದಿನ ಫೋನಿನಲ್ಲಿ ಅದನ್ನು ಹೇಳಲಿಲ್ಲ. ಎರಡು ರಾತ್ರಿ ಕಳೆದ ಮೇಲೆ ನಾನೇ ಫೋನು ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ, ‘ಹಾಗಾದರೆ ಅಂಗಡಿಯವರಿಗೆ ಇನ್ನೊಂದು ಕಾಗದ ಬರೆಯಬೇಕಲ್ಲ’ ಎಂದ. ಬರೆದ ಕೂಡ.

ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದಳು ಎಂದು ಮಕ್ಕಳಿಗೆ ಹೇಳುತ್ತೇವೆ. ಓಲೆಗರಿ ನಶಿಸುವ ವಸ್ತು. ಕಾವ್ಯ ಉಳಿದುದು ಗರಿ ಉಳಿದುದರಿಂದ ಅಲ್ಲ, ಗರಿ ಹೋಗುವುದಕ್ಕೆ ಮುಂಚೆ ಮತ್ತೊಬ್ಬರು ಬರೆದುದರಿಂದ. ಎಂ.ಜಿ.ಬಿ. ಉಳಿದಿರುವುದೂ ಹಾಗೆಯೇ. ಕಾರಿನ ಭಾರವನ್ನು ಹೊರುವ ಸಂಧಿಗಳಲ್ಲೆಲ್ಲ ಇರುವುದು ಸಾಯುವುದಕ್ಕೆಂದೇ ಮಾಡಿದ ರಬ್ಬರು. ಅದನ್ನು ಬದಲಿಸುವ ಕೈಗಳು ಇರುವವರೆಗೆ ಕಾರು ಇರುತ್ತದೆ. ಆ ಕೈ ‘ಆಯಿತು’ ಎಂದಾಗ ಆಗಿರಬೇಕು, ಅಷ್ಟೆ.

ಕಳೆದ ದೀಪಾವಳಿಗೆ ತಮ್ಮ ಊರಿಗೆ ಬಂದಾಗ ಹರಿದ ಬುಷ್ಷನ್ನು ಕಾಗದದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲೆ ಇಟ್ಟ. ಹೊಸದನ್ನು ಕಾರಿನ ಭಾರದಲ್ಲೇ ಬಿಗಿದಿದ್ದಾನೆ. ಮುಂದೆ ಕಾರು ಯಾರ ಕೈಗೆ ಹೋದರೂ ತಿಳಿಯಲೆಂದು, ಬದಲಿಸಿದ ದಿನವನ್ನೂ ಓಡಿದ ಮೈಲಿಗಳನ್ನೂ ಒಂದು ಚೀಟಿಯಲ್ಲಿ ಬರೆದು ಕೈಪಿಡಿಯೊಳಗೆ ಅಂಟಿಸಿದ್ದಾನಂತೆ. ನಮ್ಮ ಲಿಪಿಕಾರರು ಪ್ರತಿಯ ಕೊನೆಯಲ್ಲಿ ತಿಥಿವಾರಗಳನ್ನು ಬರೆದು ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಳ್ಳುವ ವಾಡಿಕೆಯನ್ನು ಅವನಿಗೆ ಹೇಳಿದೆ. ‘ಮೊದಲ ಸಲ ಎಡಗಡೆಯದನ್ನು ಯಾರು ಬಿಗಿದರೆಂದೂ ಬರೆದಿದ್ದೇನೆ’ ಎಂದ.